‘ಕೈಯಲ್ಲಿ ಚಾಕು ಇದ್ದರೆ ಏನು ಮಾಡ್ತೀರಿ?’

ಮಾನಸಿಕ ಬಿಕ್ಕಟ್ಟಿನಲ್ಲಿರುವವರ ಬಳಿಗೆ ಪೊಲೀಸರ ಬದಲು ನಿರಾಯುಧ ತಂಡ ಹೋಗುವ ವ್ಯವಸ್ಥೆಯ ಮಾತೆತ್ತಿದರೆ ಸಾಕು, ಮೊದಲು ಬರುವುದು ಈ ಪ್ರಶ್ನೆ. ಚಾಕು ಇದೆ ಎಂದು ಗೊತ್ತಾದರೆ ಆ ತಂಡ ಹೋಗುವುದಿಲ್ಲ, ಪೊಲೀಸರೇ ಹೋಗುತ್ತಾರೆ. ಅದು ತೀರ್ಮಾನವಾಗುವುದು ಕರೆ ಎತ್ತುವವರ ಮೇಜಿನಲ್ಲಿ.

ಇದನ್ನು ದಶಕಗಟ್ಟಲೆ ನಡೆಸಿದ ಊರು ಅಮೆರಿಕದ ಒರೆಗಾನ್ ರಾಜ್ಯದ ಯುಜೀನ್. ಅಲ್ಲಿನ ವೈಟ್ ಬರ್ಡ್ ಕ್ಲಿನಿಕ್ 1989ರಲ್ಲಿ ‘ಕಹೂಟ್ಸ್’ ಎಂಬ ವ್ಯಾನ್ ಸೇವೆ ಶುರುಮಾಡಿತು. ವ್ಯಾನಿನಲ್ಲಿ ಇಬ್ಬರು: ಒಬ್ಬರು ನರ್ಸ್ ಅಥವಾ ಆಂಬುಲೆನ್ಸ್ ಸಿಬ್ಬಂದಿಯಂಥ ತರಬೇತಿಯವರು, ಇನ್ನೊಬ್ಬರು ಮಾನಸಿಕ ಬಿಕ್ಕಟ್ಟು ನಿಭಾಯಿಸಬಲ್ಲವರು. ಪೊಲೀಸ್ ಯೂನಿಫಾರ್ಮ್ ಇಲ್ಲ, ಬಂದೂಕಿಲ್ಲ, ಬಂಧಿಸುವ ಅಧಿಕಾರವಿಲ್ಲ. ಆದರೆ ವೈರ್‌ಲೆಸ್ ಇತ್ತು. ಅಲ್ಲಿನ ತುರ್ತು ಕರೆಯ ಸಂಖ್ಯೆ 911ರ ಕಂಟ್ರೋಲ್ ರೂಮಿನಿಂದಲೇ ಅವರಿಗೂ ಕರೆ ಹೋಗುತ್ತಿತ್ತು.

ಕರೆ ಎತ್ತುವವರು ಕೇಳಬೇಕಾದದ್ದು ಇಷ್ಟು: ಆಯುಧ ಕಂಡಿತೇ? ಈಗ ಯಾರಿಗಾದರೂ ಹೊಡೆಯುತ್ತಿದ್ದಾರೆಯೇ? ಉಸಿರಾಟ, ಪ್ರಜ್ಞೆ ಸರಿಯಿದೆಯೇ? ಒಬ್ಬರೇ ಇದ್ದಾರೆಯೇ, ಮಕ್ಕಳು ಹತ್ತಿರವಿದ್ದಾರೆಯೇ? ‘ಹುಚ್ಚನ ಹಾಗೆ ಆಡ್ತಿದ್ದಾನೆ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ‘ಕಾಂಪೌಂಡಿನ ಒಳಗೆ ಕೂತು ಒಬ್ಬನೇ ಕೂಗ್ತಿದ್ದಾನೆ, ಕೈಯಲ್ಲಿ ಏನೂ ಇಲ್ಲ’ ಅಂದರೆ ತಿಳಿಯುತ್ತದೆ.

ಸ್ಥಳಕ್ಕೆ ಹೋದ ಮೇಲೆ ಮಾತಾಡುವುದು ಒಬ್ಬರೇ. ಇಬ್ಬರೂ ಒಟ್ಟಿಗೆ ಬಾಯಿ ಹಾಕಿದರೆ ಗಲಿಬಿಲಿ ಹೆಚ್ಚುತ್ತದೆ. ಇನ್ನೊಬ್ಬರು ಕೈ, ಉಸಿರು, ಸುತ್ತಲಿನ ಜನರನ್ನು ಗಮನಿಸುತ್ತಾರೆ. ಎರಡು ತೋಳಿನಷ್ಟು ದೂರ ನಿಲ್ಲಬೇಕು, ಬಾಗಿಲಿಗೆ ಅಡ್ಡ ನಿಲ್ಲಬಾರದು. ಹೆಸರು ಹೇಳಿ, ನೀರು ಬೇಕೇ ಎಂದು ಕೇಳಿ, ಮುಟ್ಟುವ ಮೊದಲು ಒಪ್ಪಿಗೆ ಪಡೆಯಬೇಕು. ಬೇಡ ಎಂದರೆ ಬಲವಂತವಿಲ್ಲ.

ವೈದ್ಯಕೀಯ ತರಬೇತಿಯವರು ಏಕೆ ಎಂದು ಹಲವರಿಗೆ ಅನುಮಾನ. ಸಕ್ಕರೆ ಅಂಶ ತೀರಾ ಕುಸಿದವರು ಕುಡಿದವರಂತೆಯೇ ತೊದಲುತ್ತಾರೆ, ಸಿಟ್ಟಾಗುತ್ತಾರೆ. ತಲೆಗೆ ಪೆಟ್ಟು ಬಿದ್ದವರು, ಸೋಂಕಿನಿಂದ ಭ್ರಮೆಗೊಳಗಾದ ವೃದ್ಧರೂ ಹಾಗೇ ಕಾಣಬಹುದು. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಮಾಡದೆ ಲಾಕಪ್ಪಿಗೆ ತಳ್ಳಿದರೆ ಜೀವವೇ ಹೋಗಬಹುದು.

2019ರಲ್ಲಿ ಕಹೂಟ್ಸ್ ಪೊಲೀಸ್ ನೆರವು ಕೇಳಿದ್ದು ನೂರು ಕರೆಗೆ ಎರಡಕ್ಕಿಂತ ಕಡಿಮೆ. ಆದರೆ ಈ ಸಂಖ್ಯೆಯನ್ನು ಉಬ್ಬಿಸುವುದು ನಮಗೆ ಸರಿಕಾಣದು. ಆ ಕರೆಗಳಲ್ಲಿ ಬಹಳಷ್ಟು ‘ಆತ ಹೇಗಿದ್ದಾನೆ ನೋಡಿ ಬನ್ನಿ’, ‘ಆಶ್ರಯತಾಣಕ್ಕೆ ಬಿಡಿ’ ಎಂಬಂಥವು. ಎಷ್ಟೋ ಕರೆಗಳಿಗೆ ಪೊಲೀಸರು ಹೇಗೂ ಹೋಗುತ್ತಿರಲಿಲ್ಲ. ಪೊಲೀಸರ ಕೆಲಸದ ಶೇ. 17ರಷ್ಟನ್ನು ಕಹೂಟ್ಸ್ ಹೊರುತ್ತದೆ ಎಂಬ ಮಾತಿತ್ತು. ಯುಜೀನ್ ಪೊಲೀಸ್ ಇಲಾಖೆಯ ವಿಶ್ಲೇಷಣೆ ಅದು ಶೇ. 5ರಿಂದ 8 ಎಂದಿತು. ಇನ್ನೂ ಗಟ್ಟಿ ಪುರಾವೆ ಅಮೆರಿಕದ್ದೇ ಆದ ಡೆನ್ವರ್ ನಗರದ್ದು. 2020ರ ಜೂನಿನಲ್ಲಿ ಶುರುವಾದ ಅಲ್ಲಿನ ಇಂಥದ್ದೇ ‘ಸ್ಟಾರ್’ ತಂಡ ಮೊದಲ ಆರು ತಿಂಗಳಲ್ಲಿ 748 ಕರೆಗಳಿಗೆ ಹೋಯಿತು, ಒಂದೂ ಬಂಧನವಾಗಲಿಲ್ಲ. ತಂಡ ಓಡಾಡಿದ ಪ್ರದೇಶಗಳಲ್ಲಿ ಅದು ನಿಭಾಯಿಸುವ ಬಗೆಯ ಸಣ್ಣಪುಟ್ಟ ಅಪರಾಧಗಳ ವರದಿ ಶೇ. 34ರಷ್ಟು ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಈ ವ್ಯವಸ್ಥೆ ಕೈಕೊಡುವುದು ಬೇರೆ ಕಡೆ. ವ್ಯಾನು ಕಡಿಮೆಯಿದ್ದರೆ ಗಂಟೆಗಟ್ಟಲೆ ಕಾಯಬೇಕು, ಬೇಸತ್ತ ಜನ ಪೊಲೀಸರನ್ನೇ ಕರೆಯುತ್ತಾರೆ. ಕರೆದೊಯ್ಯಲು ಹಾಸಿಗೆ ಇಲ್ಲದಿದ್ದರೆ ಅದೇ ವ್ಯಕ್ತಿಗಾಗಿ ಮರುದಿನ ಮತ್ತೆ ಕರೆ. ಹಣವಂತೂ ದೊಡ್ಡ ತಲೆನೋವು: ಅಷ್ಟು ಹೆಸರಾದ ಕಹೂಟ್ಸ್ ಕೂಡ ಕ್ಲಿನಿಕ್ಕಿನ ಹಣಕಾಸಿನ ಮುಗ್ಗಟ್ಟಿನಿಂದ 2025ರ ಏಪ್ರಿಲ್‌ನಲ್ಲಿ ಯುಜೀನಿನಲ್ಲಿ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ಚಾಕುವಲ್ಲ.

ಕರ್ನಾಟಕದಲ್ಲಿ? ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಫೋನಿನಲ್ಲಿ ಕನ್ನಡದಲ್ಲೂ ನೆರವು ಕೊಡುತ್ತದೆ, ಬೀದಿಗೆ ಬರುವುದಿಲ್ಲ. ಬೀದಿಗೆ ಬರುವವರು 112ರ ಪೊಲೀಸರು, 108ರ ಆಂಬುಲೆನ್ಸ್. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿದೆ ಎಂದು ಕಂಡು ರಕ್ಷಣೆಗೆ ತೆಗೆದುಕೊಂಡವರನ್ನು ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. 112ಕ್ಕೆ ಕರೆ ಮಾಡುವಾಗ ಕೈಯಲ್ಲಿ ಏನಿದೆ, ಏನಿಲ್ಲ, ಯಾವ ಮಾತ್ರೆ ನಿಲ್ಲಿಸಿದ್ದಾರೆ, ಯಾರ ಮಾತು ಕೇಳುತ್ತಾರೆ ಎಂಬುದನ್ನು ಮೊದಲ ಅರ್ಧ ನಿಮಿಷದಲ್ಲೇ ಹೇಳಿ.