ಬೆಟಗೇರಿಯ ಹಳೇ ಕಂಪೌಂಡಿನಲ್ಲಿ ನನ್ನ ಎರಡನೇ ವರ್ಷ

ನೀರು ಬರುವ ದಿನ ನಾನು ನಾಲ್ಕಕ್ಕೇ ಎದ್ದಿರುತ್ತೇನೆ. ಕೊಡ, ಬಕೆಟ್, ಎರಡು ಡ್ರಮ್ಮು ತುಂಬಿದ ಮೇಲೆ ಪ್ರಾರ್ಥನೆ. ಉಳಿದ ದಿನ ಪ್ರಾರ್ಥನೆ ಮೊದಲು, ಆಮೇಲೆ ಕಸಬರಿಗೆ. ಗದಗ-ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಬ್ಬಳ್ಳಿಯಲ್ಲಿ 32 ವರ್ಷ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ನೆ ಕೂತಿರಲು ಆಗಲಿಲ್ಲ. ಬೆಟಗೇರಿಯ ಹಳೇ ಮಿಶನ್ ದೇವಾಲಯ ನೋಡಿಕೊಂಡು, ಮನೆ ಭೇಟಿ ಮಾಡಿಕೊಂಡು ಇರುವುದಕ್ಕೆ ಒಬ್ಬರು ಬೇಕು ಎಂದು ನಮ್ಮ ಕ್ರೈಸ್ತ ಸಭೆಯಲ್ಲಿ ಕೇಳಿದರು. ನಾನೇ ಕೈ ಎತ್ತಿದೆ. ಸಂಬಳ ಇಲ್ಲ. ಒಂದು ಕೋಣೆ ಇದೆ, ಕೋಣೆಯ ಮುಂದೆ ಬೇವಿನ ಮರ ಇದೆ. ನನ್ನ ಪೆನ್ಶನ್ನು ನನಗೆ ಸಾಕು.

ನನ್ನ ಅಜ್ಜಿ ಬೈಬಲ್ ವುಮನ್ ಆಗಿದ್ದರು, ಅಂದರೆ ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವವರು. ಹಾವೇರಿ ಕಡೆಯ ಹಳ್ಳಿಗಳಲ್ಲಿ ಕೊಡೆ ಹಿಡಿದು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ನಡೆಯುತ್ತಿದ್ದರಂತೆ. ಚೀಲದಲ್ಲಿ ಬೈಬಲ್ ಒಂದು ಕಡೆ, ಕಣ್ಣಿಗೆ ಹಾಕುವ ಔಷಧಿ ಇನ್ನೊಂದು ಕಡೆ. ಆ ಚೀಲ ಈಗ ನನ್ನ ಹತ್ತಿರ ಇದೆ. ಹೊರಗೆ ಹೋಗುವಾಗ ಅದನ್ನೇ ಹಾಕಿಕೊಳ್ಳುತ್ತೇನೆ. ಒಳಗೆ ಬಿಪಿ ನೋಡುವ ಮಶಿನ್ ಇರುತ್ತದೆ.

ಬೆಳಿಗ್ಗೆ ಬೇವಿನ ಎಲೆ ಗುಡಿಸಿ, ದೇವಾಲಯದ ಬಾಗಿಲು ತೆಗೆಯುತ್ತೇನೆ. ಏಳು ಗಂಟೆಯ ಪ್ರಾರ್ಥನೆಗೆ ನಾಲ್ಕೈದು ಜನ ಬರುತ್ತಾರೆ. ಹಾರ್ಮೋನಿಯಂ ನುಡಿಸುವ ಅಜ್ಜ ಬಂದರೆ ಹಾಡು, ಬರದಿದ್ದರೆ ಬರೀ ಬೈಬಲಿನ ಕೀರ್ತನೆ ಓದುತ್ತೇವೆ. ಆಮೇಲೆ ರೋಗಿಗಳ ಭೇಟಿ. ಇಲ್ಲಿನ ಮಿಶನ್ ಆಸ್ಪತ್ರೆಯನ್ನು ಊರವರು ಇವತ್ತಿಗೂ ಜರ್ಮನ್ ದವಾಖಾನಿ ಅಂತಲೇ ಕರೆಯುತ್ತಾರೆ. ಇಲ್ಲಿಗೆ ಬಂದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನದು, ಆದರೆ ಅದರ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು. ಆ ಜರ್ಮನರು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದುಕೊಂಡಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಶತ್ರು ದೇಶದವರೆಂದು ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟಿತು, ಆಮೇಲೆ ಊರಿಗೆ ಕಳಿಸಿತು. ಆಗ ಸಭೆಗಳನ್ನು, ಶಾಲೆಗಳನ್ನು ಹೊತ್ತುಕೊಂಡವರು ಇಲ್ಲಿಯ ಉಪದೇಶಿಗಳು, ಇಲ್ಲಿಯ ಮಾಸ್ತರರು, ನನ್ನ ಅಜ್ಜಿಯಂಥ ಹೆಂಗಸರು. ಅವರ ಹೆಸರು ಯಾವ ಫಲಕದ ಮೇಲೂ ಸಿಗುವುದಿಲ್ಲ. ಇದು ನನಗೆ ಬಹಳ ನೋವು ಕೊಡುವ ವಿಷಯ.

ಸಂಜೆ ನೇಕಾರರ ಓಣಿಗಳಿಗೆ ಹೋಗುತ್ತೇನೆ. ಮಗ್ಗದ ಸದ್ದಿನಲ್ಲಿ ಜೋರಾಗಿ ಮಾತಾಡಬೇಕು. ಯಾರ ಮನೆಯಲ್ಲೂ ನಾನಾಗಿ ಪ್ರಾರ್ಥನೆ ಶುರು ಮಾಡುವುದಿಲ್ಲ. ಬಿಪಿ ನೋಡುತ್ತೇನೆ, ಗುಳಿಗೆ ತಪ್ಪದೆ ತಗೋತಾ ಇದ್ದಾರಾ ಕೇಳುತ್ತೇನೆ, ಕೊಟ್ಟ ಚಹಾ ಕುಡಿಯುತ್ತೇನೆ. ಕೆಲವರು ಬಾಗಿಲವರೆಗೂ ಬಂದು, "ಅಕ್ಕಾರ, ನಿಮ್ಮ ದೇವರಿಗೂ ನಮ್ಮ ಹುಡುಗನ ಬಗ್ಗೆ ಒಂದ್ ಮಾತು ಹೇಳ್ರಿ" ಅನ್ನುತ್ತಾರೆ. ಅಲ್ಲೇ ನಿಂತು ಹೇಳುತ್ತೇನೆ. ಅವರ ಮನೆ, ಅವರ ನಂಬಿಕೆ. ಕೇಳಿದಾಗ ಕೊಡುವುದಕ್ಕೆ ನಾನು ಬಂದಿದ್ದೇನೆ, ಅಷ್ಟೇ.

ಹಳೇ ಕಟ್ಟಡ ನೋಡಲು ಬರುವವರು ಜಾಸ್ತಿ ಮಧ್ಯಾಹ್ನವೇ ಬರುತ್ತಾರೆ. ಕಾಲೇಜಿನ ಹುಡುಗರು, ಮಾಸ್ತರರು, ಒಮ್ಮೊಮ್ಮೆ ದೂರದ ಊರಿನವರು. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಕಿಟ್ಟೆಲ್ ಇಲ್ಲಿದ್ದರಾ?" ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದು, ಮೊದಲು ಹುಬ್ಬಳ್ಳಿ-ಧಾರವಾಡದ ಕಡೆ ಕನ್ನಡ ಕಲಿತರು ಎಂದು ಹೇಳುತ್ತೇನೆ. ಅವರ ನಿಘಂಟು ಅಚ್ಚಾಗಿದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ, 1894ರಲ್ಲಿ, ಸುಮಾರು 70,000 ಪದಗಳು. ಅದರಲ್ಲಿ ಕೆಲವು ಪದಗಳ ಮುಂದೆ "ಸದರ್ನ್ ಮರಾಠಾ" ಎಂಬ ಗುರುತು ಇದೆ. ಬ್ರಿಟಿಷರು ನಮ್ಮ ಈ ಸೀಮೆಯನ್ನು ಹಾಗೆ ಕರೆಯುತ್ತಿದ್ದರು. ಇದನ್ನು ಹೇಳಿದಾಗ ಹುಡುಗರ ಮುಖ ಅರಳುತ್ತದೆ. ನಮ್ಮ ಅವ್ವಂದಿರ ಬಾಯಲ್ಲಿದ್ದ ಮಾತು ಅಷ್ಟು ದೊಡ್ಡ ಪುಸ್ತಕದಲ್ಲಿ ಕೂತಿದೆ ಅಂದರೆ ಖುಷಿ ಆಗುತ್ತದೆ, ಅಲ್ವಾ?

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಅದೇ 1841ರಲ್ಲಿ ಇಲ್ಲೇ ಹತ್ತಿರದ ಮಲಸಮುದ್ರದಲ್ಲಿ ಕ್ರೈಸ್ತ ರೈತರ ಒಂದು ನೆಲೆ ಕಟ್ಟಲು ಹೊರಟರು. ಅದು ಕೈಗೂಡಲಿಲ್ಲ. ಬಂದವರಿಗೆ ನಾನು ಅದನ್ನೂ ಹೇಳುತ್ತೇನೆ. ಗೆದ್ದಿದ್ದನ್ನು ಮಾತ್ರ ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗೆ.

ಆದರೆ ನನ್ನ ಮನಸ್ಸು ನಿಂತಿರುವುದು ಹಿಂದಿನ ಸಮಾಧಿ ಅಂಗಳದಲ್ಲಿ. ಅಲ್ಲಿ ಸಣ್ಣ ಕಲ್ಲುಗಳಿವೆ. ಮಕ್ಕಳವು. ಬಂದ ಮೊದಲ ವಾರ ಅವುಗಳ ಅಳತೆ ನೋಡಿಯೇ ನನಗೆ ಗೊತ್ತಾಯಿತು. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಅಷ್ಟು ಉದ್ದದ ತೊಟ್ಟಿಲು ಕಣ್ಣಿಗೆ ಕಟ್ಟುತ್ತದೆ.

ಈ ಮಿಶನರಿ ತಾಯಂದಿರ ವಿಷಯ ಓದಿದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾಲರಾ, ಜ್ವರ ದಾಟಿ ಬದುಕಿದ ಮಕ್ಕಳನ್ನೂ ಅವರು ಹತ್ತಿರ ಇಟ್ಟುಕೊಳ್ಳುವ ಹಾಗಿರಲಿಲ್ಲ. ಆರೇಳು ವರ್ಷ ಆಗುತ್ತಿದ್ದಂತೆ ಓದಿಗೆಂದು ಯುರೋಪಿಗೆ ಕಳಿಸಬೇಕಿತ್ತು. ಅದಕ್ಕೆಂದೇ 1853ರಲ್ಲಿ ಬಾಸೆಲ್ ಊರಿನಲ್ಲಿ ಒಂದು ಮಕ್ಕಳ ಮನೆ ತೆರೆದರು. ಹಡಗು ಹತ್ತಿಸಿದ ಮೇಲೆ ಎಷ್ಟೋ ವರ್ಷ ಮುಖ ನೋಡುವ ಹಾಗಿಲ್ಲ. ಇಲ್ಲಿ ಪರರ ಮಕ್ಕಳಿಗೆ ಅಕ್ಷರ ಕಲಿಸುತ್ತ, ತಮ್ಮ ಮಕ್ಕಳ ಕಾಗದಕ್ಕೆ ಕಾಯುತ್ತ ಇದ್ದರು. ಇದು ಸರಿಯಾದ ಏರ್ಪಾಡು ಎಂದು ನನಗೆ ಯಾವತ್ತೂ ಅನಿಸಿಲ್ಲ. ಸೇವೆಯ ಹೆಸರಿನಲ್ಲಿ ಮಕ್ಕಳಿಂದ ಕೇಳಿದ ಬೆಲೆ ಅದು. ಆ ಹೆಂಗಸರ ಮೇಲೆ ಪ್ರೀತಿ ಇದೆ, ಆ ನಿಯಮದ ಮೇಲೆ ಸಿಟ್ಟಿದೆ. ಎರಡೂ ನನ್ನೊಳಗೆ ಒಟ್ಟಿಗೇ ಇವೆ.

ಈಗ ನನ್ನ ತಪ್ಪನ್ನೂ ಹೇಳಬೇಕು. ಮೊದಲ ವರ್ಷದ ಪುನರುತ್ಥಾನ ಹಬ್ಬಕ್ಕೆ (ಈಸ್ಟರ್) ಮುಂಚೆ ಸಮಾಧಿ ಅಂಗಳ ಸ್ವಚ್ಛ ಮಾಡುತ್ತಿದ್ದೆವು. ಹಬ್ಬದ ದಿನ ನಸುಕಿನಲ್ಲಿ ಎಲ್ಲರೂ ಅಲ್ಲಿಗೇ ಬಂದು ಹಾಡುತ್ತೇವೆ. ಅತಿ ಸಣ್ಣ ಕಲ್ಲು ಒಂದು ಕಲ್ಲುಹೂವು ಹಿಡಿದು ಕಪ್ಪಾಗಿತ್ತು. ಚೆಂದ ಕಾಣಲಿ ಎಂದು ಅಂಗಡಿಯಿಂದ ತಂತಿ ಬ್ರಷ್ ತಂದು ತಿಕ್ಕಿದೆ. ಕಲ್ಲು ಬೆಳ್ಳಗಾಯಿತು. ಜೊತೆಗೆ ಮೇಲಿನ ಸಾಲೂ ಹೋಯಿತು. ಹೆಸರಿದ್ದ ಸಾಲು ಅದು. ಮೊದಲೇ ಮಾಸಿತ್ತು, ಉಳಿದಿದ್ದ ಗೀರನ್ನು ನಾನೇ ಪುಡಿ ಮಾಡಿದೆ. ಕೆಳಗೆ 11 ಎಂಬ ಅಂಕಿ, ಪಕ್ಕದಲ್ಲಿ ತಿಂಗಳು ಎನ್ನುವ ಜರ್ಮನ್ ಪದ ಉಳಿದಿವೆ.

ಹನ್ನೊಂದು ತಿಂಗಳ ಕೂಸು. ಅದರ ಹೆಸರನ್ನು ನನ್ನ ಕೈಯಾರೆ ಅಳಿಸಿದೆ. ಆ ರಾತ್ರಿ ನಾನು ಅತ್ತಿದ್ದು ದೇವರಿಗೆ ಗೊತ್ತು.

ಆಮೇಲೆ ತಿಳಿದವರನ್ನು ಕೇಳಿ ಕಲಿತೆ. ಹಳೇ ಕಲ್ಲಿಗೆ ತಂತಿ ಬ್ರಷ್ ಬೇಡ, ಆಸಿಡ್ ಬೇಡ, ಸೋಪಿನ ಪುಡಿಯೂ ಬೇಡ. ಬರೀ ನೀರು ಸಾಕು. ಚೆನ್ನಾಗಿ ನೆನೆಯಲು ಬಿಟ್ಟು, ಮೆತ್ತನೆ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಅಕ್ಷರದೊಳಗಿನ ಮಣ್ಣಿಗೆ ಮರದ ಕಡ್ಡಿ. ಒಡೆದ ಕಡೆ ಸಿಮೆಂಟ್ ಮೆತ್ತಬಾರದು, ಸುಣ್ಣದ ಗಾರೆಯೇ ಸರಿ. ಮಾಸಿದ ಅಕ್ಷರ ಓದಲು ತಿಕ್ಕುವ ಅಗತ್ಯವೇ ಇಲ್ಲ. ಒಂದು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿದರೆ, ಗೀರಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಈಗ ನಾನು ಹಾಗೇ ಓದುತ್ತೇನೆ. ನನ್ನ ಕೋಣೆಯ ಗೋಡೆಯ ಕನ್ನಡಿ ಮುಕ್ಕಾಲು ಪಾಲು ಹೊತ್ತು ಸಮಾಧಿ ಅಂಗಳದಲ್ಲೇ ಇರುತ್ತದೆ. ಉಳಿದ ಕಲ್ಲುಗಳ ಮೇಲಿನ ಸಾಲುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಫೋಟೋ ತೆಗೆದು ಇಟ್ಟಿದ್ದೇನೆ. ಅರ್ಥವಾಗದ ಅಕ್ಷರವನ್ನು ಚಿತ್ರದ ಹಾಗೆ ಬರೆದುಕೊಂಡಿದ್ದೇನೆ.

ಹೋದ ಬೇಸಿಗೆಯಲ್ಲಿ ಒಬ್ಬಳು ಹೆಣ್ಣುಮಗಳು ನೆರಳಿಗೆಂದು ಕಂಪೌಂಡಿಗೆ ಬಂದಳು. ಕಪ್ಪತಗುಡ್ಡದ ಕಡೆಯ ಹಳ್ಳಿಯವಳು. ಅತ್ತೆಯನ್ನು ಊರಿನ ಒಂದು ದವಾಖಾನೆಗೆ ಸೇರಿಸಿದ್ದರು. ಬುತ್ತಿ ಬಿಚ್ಚಿ, ರೊಟ್ಟಿ-ಪುಂಡಿಪಲ್ಯ ನನಗೂ ಕೊಟ್ಟಳು. ನಾನು ಕನ್ನಡಿ ಹಿಡಿದು ಏನು ಮಾಡುತ್ತಿದ್ದೇನೆ ಎಂದು ಕೇಳಿದಳು. ಹೇಳಿದೆ. 11 ಅನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದರ ಅವ್ವ ಮತ್ತ ಬಂದು ನೋಡಿದ್ಲೇನ್ರಿ?"

"ಗೊತ್ತಿಲ್ಲವಾ. ಅವಳು ದೂರದ ದೇಶದವಳು."

ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಹಿಂದಿನ ವರ್ಷ ಜ್ವರದಲ್ಲಿ ಹೋದ ತನ್ನ ಮಗನ ಬಗ್ಗೆ ಹೇಳಿದಳು. ಒಂದೂವರೆ ವರ್ಷದವನು. ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದ್ದಾರೆ. ಗುರುತಿಗೆ ಒಂದು ಕಲ್ಲೂ ಇಲ್ಲ. ಮನೆಯಲ್ಲಿ ಯಾರೂ ಅವನ ಹೆಸರು ಎತ್ತುವುದಿಲ್ಲ, ಎತ್ತಿದರೆ ಇವಳು ಅಳುತ್ತಾಳೆ ಎಂದು. "ಹೆಸರ ಹೇಳಾಕ ಯಾರೂ ಇಲ್ರಿ ಅಕ್ಕಾರ" ಅಂದಳು. ನನಗೆ ಹೇಳು ಎಂದೆ. ಹೇಳಿದಳು. ನಾನೂ ಹೇಳಿದೆ. ಸಂಜೆಯವರೆಗೆ ಅವನ ಮಾತೇ ಆಡಿದೆವು. ಅವನಿಗೆ ಬೆಲ್ಲ ಅಂದರೆ ಆಸೆ, ಕೋಳಿ ಕಂಡರೆ ಅಂಜಿಕೆ. ಹೋಗುವಾಗ ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಆ ಸಣ್ಣ ಕಲ್ಲಿನ ಮೇಲೆ ಸುರಿದು ಹೋದಳು.

ಅತ್ತೆ ಇದ್ದ ಆರು ದಿನವೂ ಬಂದಳು. ನಾನು ಪ್ರಾರ್ಥನೆ ಮಾಡಲಾ ಎಂದು ಕೇಳಲಿಲ್ಲ. ಕೊನೆಯ ದಿನ ಅವಳೇ ದೇವಾಲಯದೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಬಂದಳು. ಏನು ಕೇಳಿಕೊಂಡಳೋ, ಅದು ಅವಳಿಗೂ ದೇವರಿಗೂ ಬಿಟ್ಟಿದ್ದು.

ಮೊನ್ನೆ ಅವಳ ಗಂಡನ ಫೋನಿನಿಂದ ಒಂದು ಫೋಟೋ ಬಂತು. ಹೊಲದ ಬದುವಿನಲ್ಲಿ ಮೊಣಕಾಲೆತ್ತರದ ಕಲ್ಲು. ಅದರ ಮೇಲೆ ಬಿಳಿ ಬಣ್ಣದಲ್ಲಿ ಮಗನ ಹೆಸರು ಬರೆಸಿದ್ದಾರೆ. ಹೂವು ಇಟ್ಟಿದ್ದಾರೆ, ಒಂದು ಅಚ್ಚು ಬೆಲ್ಲ ಇಟ್ಟಿದ್ದಾರೆ. ನಾನು ಕೂಡಲೇ ಫೋನ್ ಮಾಡಿದೆ. "ಚೆಂದ ಆಗೇತಿ ತಂಗಿ. ಆದರ ಬಣ್ಣ ಎರಡು ಮಳೆಗಾಲಕ್ಕ ಹೋಗತದ. ಕಲ್ಲು ಕೆತ್ತವರನ್ನ ಕರಸು. ಆಳ ಕೆತ್ತು ಅನ್ನು, ಬೆರಳು ಇಟ್ಟರ ಹೆಸರು ಸಿಗೋವಷ್ಟು ಆಳ."