ಕ್ಯಾಂಪರ್ ಲೈನರ್ ತೊಳೆದ ಶನಿವಾರ

ಪಾಪ್-ಅಪ್ ಕ್ಯಾಂಪರ್ ನೋಡದೇ ಇರೋರಿಗೆ ಮೊದ್ಲು ಹೇಳ್ಬಿಡ್ತೀನಿ, ಪ್ರವಾಸ ಹೋದಾಗ ಒಳಗೇ ಮಲಗೋ ಪುಟ್ಟ ಮನೆ ಅದು, ನಮ್ದು ಪಿಕಪ್ ಟ್ರಕ್ ಹಿಂದೆ ಕೂರೋ ಥರದ್ದು, ಓಡಿಸುವಾಗ ಚಾವಣಿ ಕೆಳಗೆ ಮಡ್ಚಿರತ್ತೆ, ನಿಲ್ಸಿ ಮೇಲಕ್ಕೆತ್ತಿದ್ರೆ ಸುತ್ತ ಬಟ್ಟೆ ಗೋಡೆ. ಹೊರಗಿನ ಬಟ್ಟೆ ವಿನೈಲ್, ಒಂದೇ ಪದರ, ಚಳಿ ತಡೆಯಲ್ಲ. ಅದಕ್ಕೆ ಒಳಗಡೆಯಿಂದ ಇನ್ನೊಂದು ದಪ್ಪ ಲೈನರ್ ವೆಲ್ಕ್ರೋದಲ್ಲಿ ಅಂಟಿಸ್ತಾರೆ, ಕೆಲವರು ಆರ್ಕ್ಟಿಕ್ ಪ್ಯಾಕ್ ಅಂತಾನೂ ಅಂತಾರೆ.

ನಾವಿರೋದು ಸಿಯಾಟಲ್ ಹತ್ರ, ಕ್ಯಾಂಪರ್ ಸೆಕೆಂಡ್ ಹ್ಯಾಂಡ್. ಏಪ್ರಿಲ್‌ನಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಹೋ (Hoh) ಅನ್ನೋ ಮಳೆಕಾಡಿಗೆ ಹೋಗಿದ್ವಿ, ವರ್ಷಕ್ಕೆ 140 ಇಂಚು ಮಳೆ ಬೀಳೋ ಜಾಗ ಅದು, ರಾತ್ರಿಯೆಲ್ಲಾ ಒಂದೇ ಸಮ ಸುರೀತು. ಬೆಳಿಗ್ಗೆ ಎದ್ದಾಗ ಮೂಗಿಗೆ ಬಡಿದಿದ್ದು ಮುಗ್ಗಲು ವಾಸನೆ. ಲೈನರ್ ಮುಂದಿನ ಮೈ ಕ್ಲೀನಾಗೇ ಇತ್ತು, ಹಾಸಿಗೆ ಪಕ್ಕದ ಮೂಲೇಲಿ ವೆಲ್ಕ್ರೋ ಕಿತ್ತು ಹಿಂದೆ ತಿರುಗ್ಸಿ ನೋಡಿದ್ರೆ ಹೊಲಿಗೆ ಗುಂಟ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ, ಕೆಳಗಿನ ಅಂಚಿಗೆ ಬರ್ತಾ ಬರ್ತಾ ಒತ್ತೊತ್ತಾಗಿ ಬೂಸ್ಟು.

ಮಳೆ ನೀರು ಒಳಗೆ ಬಂದಿರ್ಲಿಲ್ಲ, ಅದನ್ನ ಎಲ್ಲಾ ಕಡೆ ಮುಟ್ಟಿ ನೋಡಿದೆ. ನೀರು ನಮ್ದೇ. ಇಬ್ರು ರಾತ್ರಿಯೆಲ್ಲಾ ಉಸಿರಾಡಿದ್ದು, ಮೇಲೆ ಒಳಗೇ ಅನ್ನ ಸಾರು ಮಾಡಿದ್ದು, ಒಲೆ ಗ್ಯಾಸ್ ಪ್ರೊಪೇನ್, ಅದು ಒಂದು ಕೆಜಿ ಉರಿದ್ರೆ ಹತ್ತಿರತ್ತಿರ 1.6 ಕೆಜಿ ನೀರಿನ ಆವಿ ಹುಟ್ಟತ್ತೆ, ಆ ಬೆಚ್ಚಗಿನ ಗಾಳಿ ಲೈನರ್ ಸಂದಿಯಿಂದ ನುಗ್ಗಿ ಹಿಂದಿನ ತಣ್ಣಗಿನ ವಿನೈಲ್‌ಗೆ ತಾಗಿದ ಕೂಡ್ಲೇ ಹನಿಯಾಗಿ ಇಳಿಯತ್ತೆ. ಚಾವಣಿ ಮಡ್ಚಿಬಿಟ್ರೆ ಆ ಪಸೆ ಅಲ್ಲೇ ಕೂರತ್ತೆ.

ತೊಳೆಯಕ್ಕೆ ಜುಲೈವರೆಗೂ ಕಾದೆ, ಅಲ್ಲೀವರೆಗೆ ಗರಾಜಲ್ಲಿ ಚಾವಣಿ ಎತ್ತಿಟ್ಟು ಫ್ಯಾನ್ ಹಾಕಿದ್ದೆ. ಇಷ್ಟು ದಪ್ಪದ್ದು ಇಲ್ಲಿ ಏಪ್ರಿಲ್‌ನಲ್ಲಿ ಒಣಗಲ್ಲ, ಅರ್ಧ ಒಣಗಿದ್ರೆ ತೊಳೆದಿದ್ದೇ ದಂಡ. ಶನಿವಾರ ಬೆಳಿಗ್ಗೆ ಬಿಸಿಲು ಬಿದ್ದಿದ್ದೇ ತಡ ಒಂದೊಂದೇ ಬಿಚ್ಚಿ, ಯಾವ್ದು ಎಲ್ಲಿಂದು ಅಂತ ಟೇಪ್ ಮೇಲೆ ಬರೆದಂಟಿಸಿ, ಮಾಸ್ಕ್ ಹಾಕ್ಕೊಂಡು ಹೊರಗೆ ತಂದೆ. ಬೂಸ್ಟನ್ನ ಒಣಗಿರುವಾಗ ಉಜ್ಜಲೇಬಾರ್ದು, ಪುಡಿಯೆಲ್ಲಾ ಹಾರಿ ಮನೆ ತುಂಬತ್ತೆ, ಮೊದ್ಲು ಒದ್ದೆ ಮಾಡ್ಬೇಕು.

ವಾಷಿಂಗ್ ಮಷೀನ್‌ಗೆ ಹಾಕ್ಲಿಲ್ಲ. ಒಳಗಿನ ಪದರ ಗಂಟುಕಟ್ಟತ್ತೆ, ಲೇಪ ಇದ್ರೆ ಸಿಪ್ಪೆ ಏಳತ್ತೆ, ಆಮೇಲೆ ಅದು ಬರೀ ಪರದೆ. ಬಾತ್‌ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು, ಮೆತ್ತನೆ ಬ್ರಷ್. ಮೊದಲನೇ ನೀರು ಕಪ್ಪು ಕಾಫಿ ಬಣ್ಣಕ್ಕೆ ತಿರುಗ್ತು. ಚುಕ್ಕೆ ಇದ್ದಲ್ಲಿ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ ಒಂದು ಗಂಟೆ ಬಿಟ್ಟೆ. ಬ್ಲೀಚ್ ಹತ್ರ ಹೋಗ್ಲಿಲ್ಲ, ಹೊಲಿಗೆ ದಾರ ಹಾಳಾಗತ್ತೆ, ಅದೂ ಅಲ್ದೆ ವಿನೆಗರ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ದಯವಿಟ್ಟು ಯಾರೂ ಎರಡನ್ನೂ ಒಟ್ಟಿಗೆ ಹಾಕ್ಬೇಡಿ. ಕಲೆ ಪೂರ್ತಿ ಹೋಗ್ಲಿಲ್ಲ, ವಾಸನೆ ಹೋಯ್ತು, ನನಗೆ ಬೇಕಾಗಿದ್ದು ಅದು. ವೆಲ್ಕ್ರೋದಲ್ಲಿ ಸಿಕ್ಕಿದ್ದ ಕೂದ್ಲು, ನೂಲು ಎಲ್ಲಾ ಹಳೇ ಬಾಚಣಿಗೆಯಿಂದ ಎಳೆದೆ. ಹೆಂಡ್ತಿ ಅಷ್ಟರಲ್ಲಿ ಹೊರಗಿನ ವಿನೈಲ್‌ನ ಒಳಮೈನ ಅದೇ ವಿನೆಗರ್ ನೀರಲ್ಲಿ ಒರೆಸಿದ್ಲು. ಇದನ್ನ ಬಿಟ್ರೆ ಲೈನರ್ ತೊಳೆದೂ ಪ್ರಯೋಜನ ಇಲ್ಲ.

ಹಿಂಡಲಿಲ್ಲ, ದೊಡ್ಡ ಟವೆಲಲ್ಲಿ ಸುತ್ತಿ ಒತ್ತಿ ಡೆಕ್ಕಿನ ಕಂಬಿ ಮೇಲೆ ಹರವಿದೆ. ಮಧ್ಯಾಹ್ನಕ್ಕೇ ಬಟ್ಟೆ ಒಣಗಿದ ಹಾಗೆ ಕಾಣತ್ತೆ, ನಂಬಬಾರ್ದು. ನಮ್ಮೂರು ತೀರ್ಥಹಳ್ಳಿ ಕಡೆ, ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಿದ್ವಿ, ಅಮ್ಮ ಅಂಚಿನ ಮಡಿಕೆಯನ್ನ ಕೆನ್ನೆಗೆ ತಾಗಿಸಿ ನೋಡಿ ಇನ್ನೂ ಹಸಿ ಇದೆ ಅಂತಿದ್ರು, ಕೈಗೆ ಗೊತ್ತಾಗ್ದೇ ಇರೋದು ಕೆನ್ನೆಗೆ ಗೊತ್ತಾಗತ್ತೆ. ನಾನೂ ಹಾಗೇ ಮಾಡಿದೆ, ಅಂಚುಪಟ್ಟಿ ತಣ್ಣಗಿತ್ತು. ಭಾನುವಾರನೂ ಪೂರ್ತಿ ಬಿಸಿಲಿಗೆ ಬಿಟ್ಟು, ತಿರುಗಿಸಿ ಹಾಕಿ, ಸಂಜೆ ಅಂಟಿಸಿದ್ವಿ.

ಸೆಪ್ಟೆಂಬರ್‌ನಲ್ಲಿ ಕ್ಲೇಲಾಕ್ ಬೀಚ್ ಕಡೆ ಹೋಗೋ ಪ್ಲಾನಿದೆ. ಸಣ್ಣ ಹೈಗ್ರೋಮೀಟರ್ ಒಂದು ತಂದು ಹಾಸಿಗೆ ಮೂಲೇಲಿ ಅಂಟಿಸಿದ್ದೀನಿ, ತೇವ 60 ಪರ್ಸೆಂಟ್ ದಾಟಿದ್ರೆ ಚಾವಣಿ ಫ್ಯಾನು ಹಾಕಿ ಕೆಳಗಿನ ಕಿಟಕಿ ಒಂದು ಬೆರಳಷ್ಟು ತೆಗಿಯೋದು, ಚಳಿ ಆದ್ರೆ ಇನ್ನೊಂದು ರಗ್ಗು. ಅಡುಗೆ ಹೊರಗಡೆನೇ. ಮನೆಗೆ ಬಂದ್ಮೇಲೆ ಚಾವಣಿ ಎತ್ತಿ ಎರಡು ದಿನ ಹಾಗೇ ಬಿಡೋದು ಅಂತಾನೂ ಮಾತಾಗಿದೆ.