ಇಲ್ಲದ ಮುಳ್ಳು ಹಸಿರಲ್ಲಿತ್ತು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 86 ಫೈರ್ ಎಕ್ಸ್‌ಟಿಂಗ್ವಿಷರ್ ಇವೆ. ಎಲ್ಲರೂ ಸಿಲಿಂಡರ್ ಅಂತಲೇ ಕರೆಯೋದು. ಮೊದಲು ಪ್ರತಿಯೊಂದರ ಕತ್ತಿನಲ್ಲೂ ಒಂದು ಕಾರ್ಡ್ ನೇತಾಡುತ್ತಿತ್ತು. ತಿಂಗಳಿಗೊಮ್ಮೆ ನೋಡಿ ಸಹಿ ಹಾಕಬೇಕು. ಎಣ್ಣೆ ಕೈ ತಾಗಿ ಅರ್ಧ ಕಾರ್ಡುಗಳು ಕಪ್ಪಾಗಿದ್ದವು. ಉಳಿದವುಗಳಲ್ಲಿ ಮೂರು ತಿಂಗಳ ಸಹಿ ಒಂದೇ ಪೆನ್ನಲ್ಲಿ, ಒಂದೇ ಉಸಿರಲ್ಲಿ ಬಿದ್ದಿರುತ್ತಿತ್ತು.

ಅದಕ್ಕೇ ಕ್ಯೂಆರ್ ಕೋಡ್ ಸ್ಟಿಕ್ಕರ್ ಅಂಟಿಸಿದೆವು. ಸ್ಕ್ಯಾನ್ ಮಾಡಿದರೆ ಮೊಬೈಲಲ್ಲಿ ಫಾರಂ ಬರುತ್ತೆ. ಪಿನ್ ಇದೆಯಾ, ಸೀಲ್ ಇದೆಯಾ, ಒಳಗಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಲ್ಲಿದೆಯಾ, ಹೋಸ್ ಸೀಳಿದೆಯಾ. ಟಿಕ್ ಮಾಡಿ ಕಳಿಸಿದರೆ ದಿನ, ಗಂಟೆ ಸಮೇತ ಸೇರಿಕೊಳ್ಳುತ್ತೆ. ಮೂರು ತಿಂಗಳು ನೂರಕ್ಕೆ ನೂರು! ಆಡಿಟ್‌ಗೆ ಬಂದವರೂ ಹೊಗಳಿದರು. ನನಗೆ ಸ್ವಲ್ಪ ಜಂಭವೂ ಬಂದಿತ್ತು ಅನ್ನಿ.

ಒಂದು ದಿನ ಗೋಡೆಗೆ ಪೇಂಟ್ ಹೊಡೆಯೋಕೆ ಅಂತ ಜನರೇಟರ್ ಪ್ಯಾನೆಲ್ ಪಕ್ಕದ ಸಿಒ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಸಿಲಿಂಡರ್ ಎತ್ತಿ ಆಚೆ ಇಟ್ಟೆ. ಕೈಗೆ ಹಗುರ ಅನ್ನಿಸಿತು. ಪೌಡರ್ ಸಿಲಿಂಡರಿಗೆ ಇರುವಂಥ ಗೇಜ್ ಸಿಒ2ಗೆ ಇರಲ್ಲ, ತೂಕ ಹಾಕಿಯೇ ನೋಡಬೇಕು. ಸ್ಟೋರಿನ ತಕ್ಕಡಿ ಮೇಲಿಟ್ಟೆ. ಮೈಮೇಲೆ ಒತ್ತಿರುವ ಖಾಲಿ ತೂಕ ಕಳೆದರೆ, 4.5 ಕೆಜಿ ಗ್ಯಾಸ್ ಇರಬೇಕಾದಲ್ಲಿ 3 ಕೆಜಿಯೂ ಇಲ್ಲ. 10 ಪರ್ಸೆಂಟ್, ಅಂದರೆ 450 ಗ್ರಾಂ ಕಮ್ಮಿಯಾದರೇ ರೀಫಿಲ್‌ಗೆ ಕಳಿಸಬೇಕು. ಮೊಬೈಲ್ ತೆಗೆದು ನೋಡಿದರೆ ಹಿಂದಿನ ವಾರವೇ ಅದಕ್ಕೆ 'ಓಕೆ' ಬಿದ್ದಿದೆ. 'ಮುಳ್ಳು ಹಸಿರಲ್ಲಿದೆ' ಅಂತಲೂ ಟಿಕ್!

ಆಗ ಸಮಯದ ಕಾಲಂ ನೋಡಿದೆ. 86 ಸಿಲಿಂಡರ್, 24 ನಿಮಿಷ. ನಮ್ಮ ಶೆಡ್‌ಗಳನ್ನು ಸುಮ್ನೆ ಸುತ್ತಿ ಬರೋಕೇ ಮುಕ್ಕಾಲು ಗಂಟೆ ಬೇಕು. ಚೆಕ್ ಮಾಡುವ ಹುಡುಗನನ್ನು ಕರೆದು ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ. "ಸ್ಟೋರಲ್ಲಿ ನೀವೇ ಹಾಳೆ ಅಂಟಿಸಿದ್ದೀರಲ್ಲ ಸಾರ್, ಅದರಲ್ಲೇ ಎಲ್ಲಾ ಕೋಡ್ ಇತ್ತು" ಅಂದ.

ಹೌದು, ಸ್ಟಿಕ್ಕರ್ ಹರಿದರೆ ಇರಲಿ ಅಂತ ಪ್ರಿಂಟ್ ಹಾಕಿಸಿದ್ದು ನಾನೇ. ಸಿಒ2ಗೂ ಪೌಡರಿಗೂ ಒಂದೇ ಫಾರಂ ಮಾಡಿದ್ದೂ ನಾನೇ. ಯಾರೋ ಕೋಡ್ ಸ್ಕ್ಯಾನ್ ಮಾಡಿದರು ಅನ್ನೋದಷ್ಟೇ ನನಗೆ ಗೊತ್ತಾಗುತ್ತಿತ್ತು. ಸಿಲಿಂಡರ್ ಮುಂದೆ ನಿಂತಿದ್ದರಾ ಅನ್ನೋದು ಗೊತ್ತಾಗುತ್ತಿರಲಿಲ್ಲ. ಹುಡುಗನಿಗೆ ಏನಂತ ಬೈಯಲಿ?

ಮೊದಲು ಆ ಹಾಳೆ ಹರಿದೆ. ಸಿಒ2ಗೆ ಬೇರೆ ಫಾರಂ ಮಾಡಿದೆ, ಅದರಲ್ಲಿ ತೂಕ ಬರೆಯದೆ ಮುಂದೆ ಹೋಗಲ್ಲ. ಪೌಡರಿಗೆ ಮುಳ್ಳಿನ ಫೋಟೋ ಕಡ್ಡಾಯ. ಜೊತೆಗೆ ಗೋಡೆಗೊಂದು, ಸಿಲಿಂಡರ್ ಮೈಗೊಂದು ಕೋಡ್. ರೀಫಿಲ್‌ಗೆ ಹೋದಾಗ ಆ ಜಾಗಕ್ಕೆ ಬೇರೆ ಸಿಲಿಂಡರ್ ಬಂದು ಕೂರುತ್ತೆ ಅಲ್ವಾ? ಗೋಡೆಯದ್ದು ಮಾತ್ರ ಸ್ಕ್ಯಾನ್ ಮಾಡಿದರೆ ಹೊಸದಕ್ಕೆ ಹಳೆಯದರ ಜಾತಕ ಅಂಟಿಕೊಳ್ಳುತ್ತೆ.

ಎತ್ತರದಲ್ಲಿ ಕೆಲಸ ಮಾಡುವವರ ಸೇಫ್ಟಿ ಬೆಲ್ಟಿಗೂ ಕೋಡ್ ಹಾಕಿದ್ದೇವೆ. ಆದರೆ ಪಟ್ಟಿಯ ಮೇಲೆ ಅಂಟಿಸಿಲ್ಲ. ಗೋಂದು ಬಟ್ಟೆಯ ನೂಲಿಗೆ ಒಳ್ಳೆಯದಲ್ಲ, ಸ್ಟಿಕ್ಕರ್ ಕೆಳಗಿನ ಹೊಲಿಗೆ ಬಿಟ್ಟಿದ್ದರೂ ಕಾಣಲ್ಲ. ಟ್ಯಾಗ್‌ಗೆ ಹಾಕಿದ್ದೇವೆ.

ಹೊಸ ಫಾರಂ ಬಂದ ಮೊದಲ ತಿಂಗಳು ಲೆಕ್ಕ 86ಕ್ಕೆ 61ಕ್ಕೇ ನಿಂತಿತು. "ಏನ್ರೀ, ಚೆನ್ನಾಗಿ ನಡೀತಿತ್ತಲ್ಲ, ಕಮ್ಮಿ ಆಗೋಯ್ತು?" ಅಂದರು ಮ್ಯಾನೇಜರ್. ಇನ್ನೊಂದು ತಕ್ಕಡಿ ಕೊಡಿಸಿ ಸಾರ್ ಅಂದೆ.